ವಿದ್ಯಾ ದಾಸೋಹ

(ಶ್ರಾವಣ ಮಾಸದ ಪ್ರವಚನ ಮಾಲಿಕೆಯಲ್ಲಿ ಶಿವಮೊಗ್ಗ ನಗರದಲ್ಲಿ ದಯಪಾಲಿಸಿದ ಆಶೀರ್ವಚನ)





ಮಳೆ ಬಿಡುವು ಕೊಡದಿದ್ದರೂ ತಾವೆಲ್ಲ ಬಂದು ಕುಳಿತಿದ್ದೀರಿ. ಭದ್ರಾವತಿಯಿಂದ ಎರಡು ಬಸ್ಸು ತುಂಬ ಭಕ್ತರು ಬಂದಿದ್ದಾರೆ. ಅವರು ಪ್ರಸಾದ ಸ್ವೀಕರಿಸಿ ಮನೆ ಸೇರುವಷ್ಟರಲ್ಲಿ ಹೊತ್ತಾಗುತ್ತದೆ ಎಂಬುದು ನಮಗೆ ತಿಳಿದಿದೆ. ಆದ್ದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ನಿನ್ನೆ ಸಂಜೆ ವಯೋವೃದ್ಧರಾದ ಭಕ್ತರೊಬ್ಬರು ನಮ್ಮ ಬಳಿಗೆ ಬಂದು, "ಬುದ್ಧೀ, ನಾಳೆ ಇಂಜಿನಿಯರಿಂಗ್ ಹುಡುಗರ ವಿದ್ಯಾರ್ಥಿವೇತನದ ವಿಷಯ ಮಾತಾಡ್ತೀರಂತೆ. ಅದನ್ನ ಹೇಳೋದಕ್ಕೆ ಕಾಲೇಜಿನವರಿದ್ದಾರೆ, ಸರ್ಕಾರದವರಿದ್ದಾರೆ. ಶ್ರಾವಣದಲ್ಲಿ ನಮಗೆ ನಾಲ್ಕು ಶಿವಾನುಭವದ ಮಾತು ಬೇಡವೇ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವುದೇ ಈ ದಿನದ ನಮ್ಮ ಪ್ರವಚನ. ಹಸಿದವನಿಗೆ ಅನ್ನವಿಕ್ಕುವುದು ಧರ್ಮವೆಂದು ಎಲ್ಲರೂ ಒಪ್ಪುತ್ತೀರಿ. ಮಠದ ಒಲೆ ಆರಬಾರದೆಂದು ಅಕ್ಕಿ, ಬೇಳೆ, ಬೆಲ್ಲ ಹೊತ್ತು ತರುತ್ತೀರಿ. ಸೀಟು ಸಿಕ್ಕಿಯೂ ಫೀಜು ಕಟ್ಟಲಾಗದೆ ಮನೆಯ ಮೂಲೆಯಲ್ಲಿ ಕುಳಿತ ಮಗುವಿಗೂ ಒಂದು ಹಸಿವಿದೆ. ಆ ಹಸಿವು ಶಿವಾನುಭವಕ್ಕೆ ಹೊರಗಿನದೆಂದು ಹೇಳಿದವರು ಯಾರು?

ಭದ್ರಾವತಿಯ ಹಿರಿಯರು ಬಂದಿರುವುದರಿಂದ ಮೊದಲು ಅವರ ಊರಿನ ಕಥೆಯನ್ನೇ ನೆನೆಯೋಣ. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಆ ಊರಿನಲ್ಲಿ, ಭದ್ರೆಯ ದಂಡೆಯ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಎದ್ದಿತು. 1923ನೆಯ ಇಸವಿ ಜನವರಿಯಲ್ಲಿ ಅಲ್ಲಿ ಉತ್ಪಾದನೆ ಪ್ರಾರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರೆಯ ನೀರು, ಈ ಮೂರೂ ಸೇರಿ ಕಬ್ಬಿಣವಾಯಿತು. ಆ ಕಾರ್ಖಾನೆಯ ಕನಸು ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. ಇಷ್ಟು ತಮಗೆಲ್ಲ ಗೊತ್ತಿರುವ ಸಂಗತಿ. ಆದರೆ ವಿಶ್ವೇಶ್ವರಯ್ಯನವರನ್ನು ಇಂಜಿನಿಯರರನ್ನಾಗಿ ಮಾಡಿದವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ?

ಮುದ್ದೇನಹಳ್ಳಿಯ ಆ ಹುಡುಗ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಓದುವಾಗ ಇನ್ನೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಆಸರೆಯಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದುವ ಶಕ್ತಿ ಮನೆಗೆ ಇರಲಿಲ್ಲ. ಆಗ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಿ 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾಗಿ ಹೊರಬಂದರು. ಆ ನೆರವು ಅಂದು ಸಿಗದಿದ್ದರೆ ಕನ್ನಂಬಾಡಿಯ ಕಟ್ಟೆ ಹೇಗಿರುತ್ತಿತ್ತೋ, ಭದ್ರಾವತಿಯ ಕುಲುಮೆ ಉರಿಯುತ್ತಿತ್ತೋ ಇಲ್ಲವೋ, ಹೇಳುವವರಾರು?

ಕಥೆ ಅಲ್ಲಿಗೆ ಮುಗಿಯಲಿಲ್ಲ. ದಿವಾನಗಿರಿಯನ್ನು 1918ರಲ್ಲೇ ಬಿಟ್ಟಿದ್ದ ಅವರು, 1923ರಿಂದ 1929ರವರೆಗೆ ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಹೊರದೇಶದ ತಜ್ಞರು ಕುಳಿತಿದ್ದ ಜಾಗದಲ್ಲಿ ನಮ್ಮ ನಾಡಿನ ತರುಣರನ್ನು ತಯಾರು ಮಾಡಿ ಕೂರಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಬಡ ಮಕ್ಕಳು ಕೈಕಸಬು, ತಾಂತ್ರಿಕ ವಿದ್ಯೆ ಕಲಿಯುವ ಒಂದು ಸಂಸ್ಥೆಗೆ ಅದು ಹೋಗಲಿ ಎಂದರು. ಬೆಂಗಳೂರಿನಲ್ಲಿ ಇಂದಿಗೂ ಇರುವ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನ ಬೇರು ಅದರಲ್ಲಿದೆ. ಆ ಸಂಸ್ಥೆಗೆ ಬಂದ ಹೆಸರು ಮಹಾರಾಜರದು, ವಿಶ್ವೇಶ್ವರಯ್ಯನವರದಲ್ಲ. ನೋಡಿರಿ, ಸಂಸ್ಥಾನದ ಬೊಕ್ಕಸದಿಂದ ಒಬ್ಬ ಹುಡುಗನಿಗೆ ಬಂದದ್ದು ಅವನ ವಿದ್ಯೆಯಾಯಿತು. ವಿದ್ಯೆ ಭದ್ರಾವತಿಯಲ್ಲಿ ಕಾಯಕವಾಯಿತು. ಕಾಯಕದ ಫಲ ಮತ್ತೆ ಸಾವಿರಾರು ಹುಡುಗರ ವಿದ್ಯೆಯಾಯಿತು. ಇದನ್ನೇ ನಾವು ದಾಸೋಹವೆನ್ನುತ್ತೇವೆ. ಬಂದದ್ದು ನಿಲ್ಲಬಾರದು, ಹರಿಯಬೇಕು.

ನಮ್ಮ ಸಮಾಜದ ಹಿರಿಯರೂ ಇದನ್ನು ಅರಿತಿದ್ದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ನಾಡು ಅವರನ್ನು ತ್ಯಾಗವೀರರೆಂದು ಕರೆಯಿತು. ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ, ದಾನಿಗಳಾದ ಭೂಮರೆಡ್ಡಿಯವರ ಹೆಸರಿನಲ್ಲಿ 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. 1951ರಲ್ಲಿ ದಾವಣಗೆರೆಗೆ ಒಂದು ಕಾಲೇಜು ಬಂತು. ಶಿವಮೊಗ್ಗದ ಮಕ್ಕಳು ಬಹುಕಾಲ ಟ್ರಂಕು ಹೊತ್ತು ಪರಊರಿಗೇ ಹೋಗಬೇಕಾಗಿತ್ತು. 1946ರಲ್ಲಿ ಸ್ಥಾಪನೆಯಾದ ಇಲ್ಲಿನ ರಾಷ್ಟ್ರೀಯ ಶಿಕ್ಷಣ ಸಮಿತಿಯವರು 1980ರಲ್ಲಿ ಜವಾಹರಲಾಲ್ ನೆಹರೂ ಇಂಜಿನಿಯರಿಂಗ್ ಕಾಲೇಜನ್ನು ತೆರೆದ ಮೇಲೆ ಮನೆಯ ಬುತ್ತಿ ಕಟ್ಟಿಕೊಂಡು ಹೋಗಿ ಇಂಜಿನಿಯರಾಗುವುದು ಸಾಧ್ಯವಾಯಿತು. ಕಾಲೇಜು ಹತ್ತಿರ ಬಂತು, ನಿಜ. ಆದರೆ ಫೀಜು? ಅದು ದೂರವೇ ಉಳಿಯಿತು.

ಭದ್ರಾವತಿಯ ತಂದೆತಾಯಿಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಒಂದು ಕಾಲಕ್ಕೆ ಆ ಊರಿನಲ್ಲಿ ಹತ್ತನೆಯ ತರಗತಿ ಓದಿ, ಐ.ಟಿ.ಐ. ಮುಗಿಸಿದವನಿಗೆ ಕಾರ್ಖಾನೆಯ ಸೈರನ್ನೇ ಅನ್ನದ ಕರೆಯಾಗಿತ್ತು. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಈಗ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆದವು. 2023ರ ಜನವರಿಯಲ್ಲಿ, ಉಕ್ಕಿನ ಕಾರ್ಖಾನೆಗೆ ನೂರು ವರ್ಷ ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು; ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ತಂದೆಯ ಕಾಲದ ಕೆಲಸ ಮಗನಿಗೆ ಉಳಿದಿಲ್ಲ. ಮಗ ಹೆಚ್ಚು ಓದಲೇಬೇಕು. ಓದಿಸುವ ಕೈಯಲ್ಲಿ ಮಾತ್ರ ಮೊದಲಿನಷ್ಟು ಸಂಪಾದನೆ ಇಲ್ಲ. ಇದು ಇಂದಿನ ಸಂಕಟ.

ಈಗ ನಾವು ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಪೀಠದಲ್ಲಿ ಕುಳಿತವರು ತಪ್ಪು ಮಾಡುವುದಿಲ್ಲವೆಂದು ತಾವು ತಿಳಿದಿರಬಹುದು. ಹಾಗೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಜಾತ್ರೆಯ ಸಭೆಯಲ್ಲಿ ವಿದ್ಯಾರ್ಥಿಗಳಿಗೆ ಸಹಾಯಧನ ವಿತರಣೆ ಇಟ್ಟುಕೊಂಡಿದ್ದೆವು. ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಊರು, ಮನೆಯ ಕಷ್ಟ ಎಲ್ಲವನ್ನೂ ಧ್ವನಿವರ್ಧಕದಲ್ಲಿ ಕೂಗಿ ವೇದಿಕೆಗೆ ಕರೆದು, ದಾನಿಗಳ ಕೈಯಿಂದ ಲಕೋಟೆ ಕೊಡಿಸಿ, ಫೋಟೋ ತೆಗೆಸಿದೆವು. ಚಪ್ಪಾಳೆ ಬಿತ್ತು. ದಾನಿಗಳು ಸಂತೋಷಪಟ್ಟರು, ನಾವೂ ಸಂತೋಷಪಟ್ಟೆವು. ತಲೆ ತಗ್ಗಿಸಿ ನಿಂತ ಮಕ್ಕಳ ಮುಖವನ್ನು ಮಾತ್ರ ನಾವು ನೋಡಲಿಲ್ಲ.

ಆ ಸಭೆಯಲ್ಲಿ ಭದ್ರಾವತಿಯ ಕಡೆಯ ಒಬ್ಬ ಭಕ್ತರು ಕುಳಿತಿದ್ದರು. ಗುತ್ತಿಗೆ ಕೆಲಸಗಾರರು. ವರ್ಷಕ್ಕೊಮ್ಮೆ ಜಾತ್ರೆಯ ದಾಸೋಹಕ್ಕೆ ಒಂದು ಚೀಲ ಅಕ್ಕಿ ತಪ್ಪದೆ ತಂದು ಹಾಕುತ್ತಿದ್ದವರು. ರಸೀತಿ ಬರೆಸಿದವರಲ್ಲ, ಹೆಸರು ಹೇಳಿಸಿದವರಲ್ಲ. ಮುಂದೆ ಅವರ ಕೆಲಸ ಹೋಯಿತು. ಅದೇ ವರ್ಷ ಮಗ ಸಿ.ಇ.ಟಿ. ಬರೆದು ಒಳ್ಳೆಯ ಕಾಲೇಜಿನಲ್ಲಿ ಸೀಟು ಪಡೆದ. ಫೀಜು ಕಟ್ಟುವ ಕೊನೆಯ ದಿನ ಬಂತು, ಹೋಯಿತು. ಅದಾದ ಎಂಟು ದಿನಕ್ಕೆ ಹುಡುಗನ ತಾಯಿ ಮಠಕ್ಕೆ ಬಂದು ಗದ್ದುಗೆಯ ಮುಂದೆ ಕುಳಿತು ಅತ್ತರು.

"ಮೊದಲೇ ಬಂದು ಯಾಕೆ ಹೇಳಲಿಲ್ಲ ತಾಯಿ?" ಎಂದು ಕೇಳಿದೆವು.

"ನಾನು ಹೊರಟಿದ್ದೆ ಬುದ್ಧೀ, ಅವರೇ ಬೇಡ ಅಂದ್ರು. ಆ ಜಾತ್ರೆ ದಿನ ಹುಡುಗರನ್ನ ಸ್ಟೇಜಿನ ಮೇಲೆ ನಿಲ್ಲಿಸಿದ್ದು ನೋಡಿದ್ರಲ್ಲ. ನನ್ನ ಮಗನ್ನ ಹಂಗೆ ನಿಲ್ಲಿಸಲಾರೆ ಅಂದ್ರು."

ಶರಣರೇ, ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮಠದಲ್ಲಿ ಹಣವಿತ್ತು, ಹುಡುಗನಲ್ಲಿ ಯೋಗ್ಯತೆಯಿತ್ತು, ಸರ್ಕಾರದಲ್ಲಿ ಯೋಜನೆಯಿತ್ತು. ಇವು ಮೂರೂ ಒಂದಾಗದಂತೆ ನಡುವೆ ಗೋಡೆ ಕಟ್ಟಿದವರು ನಾವು. ಆ ಹುಡುಗ ಒಂದು ವರ್ಷ ಮಾಚೇನಹಳ್ಳಿಯ ಕಡೆ ವರ್ಕ್‌ಷಾಪಿನಲ್ಲಿ ದುಡಿದು, ಮರುವರ್ಷ ಪಾಲಿಟೆಕ್ನಿಕ್ ಸೇರಿದ. ಈಗ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ; ಅವನು ಅದಕ್ಕೆ ಓದುತ್ತಿದ್ದಾನೆ. ಗುರುಕೃಪೆಯಿಂದ ಸೇರುತ್ತಾನೆ. ಆದರೂ ಕಳೆದುಹೋದ ಕಾಲವನ್ನು ಅವನಿಗೆ ಮರಳಿಸುವ ಶಕ್ತಿ ಯಾವ ಮಠಕ್ಕೂ ಇಲ್ಲ.

ಅಂದಿನಿಂದ ನಮ್ಮಲ್ಲಿ ವೇದಿಕೆಯ ಮೇಲೆ ಸಹಾಯಧನ ಕೊಡುವ ಪದ್ಧತಿ ನಿಂತಿತು. ಮಗು ಅಥವಾ ಪಾಲಕರು ಬಂದು ಕಾರ್ಯಾಲಯದಲ್ಲಿ ಹೇಳಿದರೆ ಸಾಕು. ಹಣ ನೇರವಾಗಿ ಕಾಲೇಜಿಗೆ ಸಂದಾಯವಾಗುತ್ತದೆ. ಹೆಸರು ಓದುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಜಾತಿ ಕೇಳುವುದಿಲ್ಲ. ಇದಕ್ಕೆ ಕೆಲವು ದಾನಿಗಳು, "ಹಣ ಕೊಟ್ಟವರ ಹೆಸರನ್ನಾದರೂ ಹೇಳಬಾರದೇ ಬುದ್ಧೀ?" ಎಂದು ಬೇಸರಪಟ್ಟರು. ಅವರಿಗೆ ನಾವು ಹೇಳಿದ್ದಿಷ್ಟೆ: ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಬಸವಣ್ಣನವರು ಮಹಾಮನೆಯಲ್ಲಿ ನಿತ್ಯ ದಾಸೋಹ ನಡೆಸುವಾಗ ಉಂಡೆದ್ದವರ ಪಟ್ಟಿ ಬರೆಸಿದರೇ? ಉಣ್ಣುವವನನ್ನು ಜಂಗಮವೆಂದು ಕಂಡು ಕೈಮುಗಿದರು. ಓದುವ ಮಗುವನ್ನು ಹಾಗೆ ಕಾಣಲು ಬರುವುದಾದರೆ ಕೊಡಿರಿ.

ಇದು ಕೊಡುವವರಿಗೆ ಹೇಳುವ ಮಾತು. ಪಡೆಯುವವರಿಗೂ ಒಂದು ಮಾತಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ತಮಗೆ ಗೊತ್ತಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅಕ್ಕಿ ಆಯ್ದನೆಂದು ಅವರನ್ನು ಯಾರೂ ಬಡವನೆಂದು ಹೀಗಳೆಯಲಿಲ್ಲ; ಅವರೂ ಕುಗ್ಗಲಿಲ್ಲ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಕೂಡಲೇ ಕಂಡುಹಿಡಿದರು. ನಮಗೆ ಬೇಕಾದಷ್ಟು ಮಾತ್ರ ಇರಲಿ, ಉಳಿದದ್ದನ್ನು ತಂದ ಜಾಗಕ್ಕೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಎಂಥ ತಾಯಿ! ಆ ಒಂದು ನಡೆಯಲ್ಲಿ ಎರಡು ಪಾಠಗಳಿವೆ. ಬೇಕಾದಷ್ಟನ್ನು ಆಯ್ದುಕೊಳ್ಳಲು ನಾಚಿಕೆ ಬೇಡ. ಬೇಡದ್ದನ್ನು ಇಟ್ಟುಕೊಳ್ಳಲು ನಾಚಿಕೆ ಬೇಕು.

ಮೊದಲನೆಯ ಪಾಠ ಭದ್ರಾವತಿಯ ಆ ತಂದೆಗೆ, ಅಂಥ ಎಲ್ಲ ಸ್ವಾಭಿಮಾನಿ ತಂದೆಗಳಿಗೆ. ಅಪ್ಪಾ, ನೀನು ವರ್ಷ ವರ್ಷ ತಂದು ಹಾಕಿದ ಅಕ್ಕಿ ಯಾರ ಮಕ್ಕಳಿಗೋ ಅನ್ನವಾಯಿತು. ಅವರನ್ನು ನೀನು ಭಿಕ್ಷುಕರೆಂದು ಭಾವಿಸಿದೆಯಾ? ಇಲ್ಲ. ಹಾಗಿದ್ದ ಮೇಲೆ ನಿನ್ನ ಮಗನ ಸರದಿ ಬಂದಾಗ ನೀನೇಕೆ ಕುಗ್ಗಬೇಕು?

ಎರಡನೆಯ ಪಾಠ ಇನ್ನು ಕೆಲವರಿಗೆ. ಮನೆಯಲ್ಲಿ ಅಡಿಕೆ ತೋಟವಿದೆ, ಅಂಗಳದಲ್ಲಿ ಕಾರು ನಿಂತಿದೆ. ಆದಾಯ ಪ್ರಮಾಣಪತ್ರದಲ್ಲಿ ಮಾತ್ರ ಕಡುಬಡವರ ಲೆಕ್ಕವಿದೆ! "ಎಲ್ಲರೂ ತಗೋತಾರೆ, ನಾವ್ಯಾಕೆ ಬಿಡಬೇಕು ಬುದ್ಧೀ?" ಎಂದು ನಮ್ಮ ಮುಂದೆಯೇ ಹೇಳಿದವರುಂಟು. ಅಡಿಕೆಯ ಧಾರಣೆ ಏರಿದಾಗ ಸಂತೋಷಪಡುವವರು, ಇನ್ನೊಬ್ಬರ ಮಗುವಿಗೆ ಸೇರಬೇಕಾದ ಹಣ ತಮ್ಮ ಖಾತೆಗೆ ಬಂದಾಗಲೂ ಸಂತೋಷಪಡಬಹುದೇ? ಅಂಥ ಮನೆಗಳಲ್ಲಿ ಒಬ್ಬೊಬ್ಬ ಲಕ್ಕಮ್ಮ ಹುಟ್ಟಲಿ ಎಂದು ನಾವು ಪ್ರಾರ್ಥಿಸುತ್ತೇವೆ. ತಾಯಂದಿರೇ, ಆ ಅಧಿಕಾರ ತಮ್ಮ ಕೈಯಲ್ಲಿದೆ. ಹಿಂದಕ್ಕೆ ಕಳಿಸಿರಿ.

ಇನ್ನು ವಿದ್ಯಾರ್ಥಿಗಳಿಗೆ ಕೆಲವು ವ್ಯವಹಾರದ ಮಾತು. ಅರ್ಜಿ ಹಾಕದೆ, ಅಥವಾ ಹಾಕುವ ಕ್ರಮ ತಿಳಿಯದೆ ಹಣ ಕಳೆದುಕೊಳ್ಳುವವರೇ ಬಹಳ ಮಂದಿ. ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ಎಂಬ ಯೋಜನೆಯಲ್ಲಿ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಇದೆ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಅಂಗವಿಕಲ ಮಕ್ಕಳಿಗೆ ಸಕ್ಷಮ್ ಎಂಬ ಯೋಜನೆ ಬೇರೆಯೇ ಇದೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಸಾಲಿನಲ್ಲಿ ತೇರ್ಗಡೆಯಾದವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಮೊದಲ ಮೂರು ವರ್ಷ 12,000 ರೂಪಾಯಿ, ನಾಲ್ಕನೆಯ ವರ್ಷ 20,000 ರೂಪಾಯಿ. ಹಿಂದುಳಿದ ವರ್ಗದ ಮಕ್ಕಳು ಸರ್ಕಾರಿ ಹಾಸ್ಟೆಲಿನಲ್ಲಿ ಇಲ್ಲದಿದ್ದರೆ ಊಟ, ವಸತಿಗೆಂದು ವಿದ್ಯಾಸಿರಿ ಯೋಜನೆಯಲ್ಲಿ ನೆರವು ಕೊಡುವ ವ್ಯವಸ್ಥೆ ಇದೆ. ಸೀಟು ಆರಿಸಿಕೊಳ್ಳುವಾಗಲೇ ಬೋಧನಾ ಶುಲ್ಕದಿಂದ ವಿನಾಯಿತಿ ಇರುವ ಶೇಕಡಾ 5ರ ಹೆಚ್ಚುವರಿ ಸೀಟುಗಳನ್ನೂ ಕೇಳಿ ತಿಳಿದುಕೊಳ್ಳಿರಿ. ನಿಯಮಗಳು ವರ್ಷ ವರ್ಷಕ್ಕೆ ಬದಲಾಗುತ್ತಿರುತ್ತವೆ. ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದ ಬಾಗಿಲು ತಟ್ಟಲು ಸಂಕೋಚ ಬೇಡ.

ಇನ್ನೊಂದು ಸಣ್ಣ ಸಂಗತಿ. ಸಣ್ಣದಾದರೂ ಬಹಳ ಮಕ್ಕಳನ್ನು ಕೆಡಿಸಿದೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು. ಒಂದರಲ್ಲಿ ಅಪ್ಪನ ಹೆಸರು ಉದ್ದಕ್ಕಿದೆ, ಇನ್ನೊಂದರಲ್ಲಿ ಒಂದೇ ಅಕ್ಷರ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಅರ್ಜಿ ಅಲ್ಲಿಗೇ ನಿಂತಿತು. ಪಿ.ಯು.ಸಿ. ಫಲಿತಾಂಶಕ್ಕೆ ಕಾಯದೆ ಇವನ್ನೆಲ್ಲ ಮೊದಲೇ ಸರಿಪಡಿಸಿಕೊಳ್ಳಿರಿ. ನಾಡಕಚೇರಿಯಲ್ಲಿ ಜಾತಿ, ಆದಾಯದ ಪತ್ರ ಮಾಡಿಸಿ ಜೋಪಾನವಾಗಿ ಇಡಿರಿ. ಇಲ್ಲಿ ಕುಳಿತಿರುವ ಕಾಲೇಜಿನ ಹುಡುಗರಿಗೆ ನಮ್ಮದೊಂದು ಅಪ್ಪಣೆ: ಊರಿನ ಹತ್ತು ಮನೆಗಳ ಅರ್ಜಿಗಳನ್ನು ತಾವು ತುಂಬಿಕೊಡಬೇಕು. ಹಣವಿಲ್ಲದವನು ಹೇಗೆ ದಾಸೋಹ ಮಾಡಬೇಕೆಂದು ಕೇಳಬೇಡಿರಿ. ನಿಮಗೆ ಗೊತ್ತಿರುವ ಈ ವಿದ್ಯೆಯೇ ನಿಮ್ಮ ದಾಸೋಹ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಬಿಡುವಂತಿಲ್ಲ. "ಮದುವೆಗೆ ಎತ್ತಿಟ್ಟ ದುಡ್ಡಿದೆ ಬುದ್ಧೀ, ಓದಿಗೆ ಇಲ್ಲ" ಎಂದು ಹೇಳುವ ತಂದೆಗಳನ್ನು ನಾವು ಕಂಡಿದ್ದೇವೆ. ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಈ ಜಿಲ್ಲೆಯಲ್ಲೇ ಇದೆ. ಆ ನೆಲದಲ್ಲಿ ನಿಂತು ಹೇಳುವ ಮಾತೇ ಇದು? ಮಂಟಪದ ಹೂವು ಮರುದಿನ ಬಾಡುತ್ತದೆ. ಕಲಿತ ವಿದ್ಯೆ ಮಗಳನ್ನು ಕೈಬಿಡುವುದಿಲ್ಲ.

ಕೊನೆಯದಾಗಿ, ನೆರವು ಪಡೆದು ಓದಿ ಮೇಲೆ ಬಂದವರಿಗೆ. ತಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿದ್ದೀರಿ, ಕೆಲವರು ಅಮೆರಿಕದಲ್ಲಿದ್ದೀರಿ. ಮನೆ ಕಟ್ಟಿದ್ದೀರಿ, ಗೃಹಪ್ರವೇಶಕ್ಕೆ ನಮ್ಮನ್ನು ಕರೆದು ಪಾದಪೂಜೆ ಮಾಡಿದ್ದೀರಿ. ಸಂತೋಷ. ನಿಮ್ಮ ಆಸ್ತಿಯಲ್ಲಿ ಪಾಲು ಬೇಕೆಂದು ನಾವು ಕೇಳುವುದಿಲ್ಲ. ಒಂದು ಮಗುವಿನ ಒಂದು ವರ್ಷದ ಫೀಜನ್ನು ಕಟ್ಟಿರಿ. ನಿಮಗೆ ಅಂದು ಬಂದದ್ದು ನಿಮ್ಮದಾಗಿರಲಿಲ್ಲ. ಮುಂದಿನವನಿಗೆಂದು ನಿಮ್ಮ ಕೈಯಲ್ಲಿ ಇಟ್ಟದ್ದು. ಯಾರಿಗೆ ಸಂದಿತೆಂದು ತಿಳಿಯಬೇಕೆಂಬ ಆಸೆಯನ್ನೂ ಬಿಟ್ಟುಬಿಡಿರಿ.

ನಮ್ಮ ಶಿವಮೊಗ್ಗದ ಮಗ್ಗುಲಲ್ಲಿ ತುಂಗೆ ಹರಿಯುತ್ತಾಳೆ, ಭದ್ರಾವತಿಯ ಮಗ್ಗುಲಲ್ಲಿ ಭದ್ರೆ. ಇಬ್ಬರೂ ಕೂಡಲಿಯಲ್ಲಿ ಸೇರುತ್ತಾರೆ. ಅಲ್ಲಿಂದ ಮುಂದೆ ಎಷ್ಟೋ ಊರುಗಳ ಹೊಲಗಳಿಗೆ ನೀರಾಗುತ್ತಾರೆ. ಇದು ಯಾರ ನೀರೆಂದು ಆ ಹೊಲದ ಬೆಳೆಯನ್ನು ಕೇಳುವವರಿಲ್ಲ. ಕೊಡುವವರ ಸಂಪತ್ತು, ಕಲಿಯುವವರ ಬುದ್ಧಿ ಹಾಗೆ ಸೇರಲಿ.

ನಿನ್ನೆ ಪ್ರಶ್ನೆ ಕೇಳಿದ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನಮ್ಮ ಉತ್ತರ ಅವರಿಗೆ ಒಪ್ಪಿಗೆಯಾಯಿತೋ ಇಲ್ಲವೋ, ಪ್ರಸಾದದ ವೇಳೆಗೆ ಅವರೇ ಹೇಳುತ್ತಾರೆ. ಆ ಭದ್ರಾವತಿಯ ತಂದೆಯೂ ಈ ಸಭೆಯಲ್ಲಿ ಎಲ್ಲಾದರೂ ಕುಳಿತಿದ್ದರೆ, ನಾವು ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮಗನ ಬಿ.ಇ. ಸೀಟಿನ ಕಾಗದ ಬಂದ ದಿನ ಅವರು ಕಾರ್ಯಾಲಯದ ಹಿಂಬಾಗಿಲಿನಿಂದಲಾದರೂ ಸರಿಯೆ, ಬರಲಿ. ಕೊನೆಯ ದಿನಾಂಕಕ್ಕೆ ಮೊದಲೇ ಬರಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ.

ಬಸವಾದಿ ಪ್ರಮಥರ ಕೃಪೆ ತಮ್ಮೆಲ್ಲರ ಮೇಲಿರಲೆಂದು ಹಾರೈಸಿ ನಮ್ಮ ಮಾತುಗಳಿಗೆ ಮಂಗಳ ಹೇಳುತ್ತೇವೆ.